ದೋಣಿಗೆ ಹೊರಟ ಅಪ್ಪನ ಉಳಿ

ಈ ಮಾರ್ಚ್‌ನಲ್ಲಿ ಒಂದು ರಾತ್ರಿ ತಮ್ಮ ಕೊಚ್ಚಿಯಿಂದ ಫೋನ್ ಮಾಡಿದ. ಊಟ ಆಯ್ತಾ ಅಂತ ಕೇಳುವ ಮೊದಲೇ ಅಳತೆ ಹೇಳಿದ. "ಉದ್ದ ಎರಡಡಿ, ಅಗಲ ಒಂದಡಿ, ಎತ್ತರ ಒಂಬತ್ತಿಂಚು. ಅಷ್ಟೇ ಅಕ್ಕಾ ಇರೋ ಜಾಗ. ಅದರೊಳಗೆ ಮರಗೆಲಸದ ಸಾಮಾನು ಯಾವ್ಯಾವುದು ಇಡ್ಲಿ? ನೀನೇ ಹೇಳು."

ತಮ್ಮ ಇಪ್ಪತ್ತೆರಡು ವರ್ಷ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದವನು. ಕೆಲಸ ಬಿಟ್ಟ ಮೇಲೆ ಒಂದು ಹಳೇ ಹಾಯಿದೋಣಿ ಕೊಂಡುಕೊಂಡ. 28 ಅಡಿ ಉದ್ದ. ಹೊರಮೈ ಫೈಬರ್, ಒಳಗೆಲ್ಲ ಪ್ಲೈವುಡ್ ಮತ್ತು ತೇಗ. ಅದರಲ್ಲೇ ವಾಸ. ಕರಾವಳಿ ಹಿಡಿದು ಗೋವಾವರೆಗೆ ಹೋಗಬೇಕು, ಆಮೇಲೆ ಲಕ್ಷದ್ವೀಪ ನೋಡಬೇಕು ಅನ್ನುವುದು ಅವನ ಆಸೆ.

ನಾನಿರುವುದು ಶ್ರೀನಿವಾಸಪುರದ ಹತ್ತಿರದ ಹಳ್ಳಿಯಲ್ಲಿ. ಸಮುದ್ರಕ್ಕೂ ನಮ್ಮ ಕೋಲಾರ ಜಿಲ್ಲೆಗೂ ಏನೂ ಸಂಬಂಧ ಇಲ್ಲ. ವರ್ಷಪೂರ್ತಿ ಹರಿಯುವ ನದಿಯೂ ನಮಗಿಲ್ಲ. ಇರುವುದು ಕೆರೆಗಳು. ಆದರೆ ಮರದ ಕೆಲಸ ನಮ್ಮ ಮನೆಯದು. ಅಪ್ಪ ಊರಿನ ಆಚಾರಿ. ತಮ್ಮ ಓದಿ ಹಡಗು ಹತ್ತಿದ. ಅಪ್ಪನ ಉಳಿ ನನ್ನ ಕೈಗೆ ಬಂತು. ಮಣೆ, ಲಟ್ಟಣಿಗೆ, ತೊಟ್ಟಿಲು, ಹಳೇ ಕಿಟಕಿಗಳ ರಿಪೇರಿ, ಇದೇ ನನ್ನ ಇಪ್ಪತ್ತು ವರ್ಷದ ಬದುಕು. ಅದಕ್ಕೇ ಅವನು ನನ್ನನ್ನು ಕೇಳಿದ್ದು.

ಎರಡಡಿ ಪೆಟ್ಟಿಗೆ ಅಂದಾಗ ನನಗೆ ಮೊದಲು ನೆನಪಾದದ್ದು ಅಪ್ಪನ ಚೀಲ. ದಪ್ಪ ಕ್ಯಾನ್ವಾಸ್ ಚೀಲ. ಸೈಕಲ್ಲಿನ ಅಡ್ಡಕಂಬಿಗೆ ನೇತು ಹಾಕಿಕೊಂಡು ಹೋಗುತ್ತಿದ್ದರು. ಸುತ್ತಮುತ್ತ ಏಳೆಂಟು ಹಳ್ಳಿಗೆ ಅವರೇ ಆಚಾರಿ. ನೇಗಿಲು, ಕುಂಟೆ, ಗಾಡಿ, ಬಾಗಿಲು, ಏನೇ ಆದರೂ ಆ ಚೀಲದಲ್ಲಿದ್ದದ್ದರಿಂದಲೇ ಆಗಬೇಕು. ಸುಗ್ಗಿ ಆದ ಮೇಲೆ ಮನೆಮನೆಯಿಂದ ರಾಗಿ ಬರುತ್ತಿತ್ತು, ಅದೇ ಆಯ. ಚೀಲದಲ್ಲಿ ಎಷ್ಟಿದ್ದವು ಅಂತ ಈಗ ಬೆರಳು ಮಡಚಿ ಎಣಿಸಿದೆ. ಮರ ಕೆತ್ತುವ ಬಾಚಿ, ಗರಗಸ, ಹಲಗೆ ನಯ ಮಾಡುವ ತೋಪಡ, ಮೂರು ಉಳಿ, ಉಳಿಗೆ ಹೊಡೆಯುವ ಮರದ ಕೊಡತಿ, ತೂತು ಕೊರೆಯುವ ಬೈರಿಗೆ, ಮೂಲೆಮಟ್ಟ, ಉಜ್ಜುವ ಅರ, ಇಕ್ಕಳ, ಸಾಣೆಕಲ್ಲು. ಹನ್ನೆರಡು. ಅಷ್ಟರಲ್ಲೇ ಒಂದು ಪೂರ್ತಿ ಮನೆಯ ಮರಗೆಲಸ ಮುಗಿಸುತ್ತಿದ್ದರು.

"ಅಪ್ಪನ ಚೀಲ ನೆನಪಿದೆಯೇನೋ?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದನ್ನೇ ಕೇಳೋಣ ಅಂತ ಮಾಡಿದ್ದು ಅಕ್ಕಾ" ಅಂದ.

ನನ್ನನ್ನು ಕೇಳುವ ಮೊದಲು ಅವನು ಒಂದು ಸೆಟ್ ಕೊಂಡಿದ್ದನಂತೆ. ನೂರಕ್ಕೂ ಹೆಚ್ಚು ಸಾಮಾನು, ಒಂದೇ ಪ್ಲಾಸ್ಟಿಕ್ ಪೆಟ್ಟಿಗೆ. ನೋಡೋಕೆ ಚೆಂದ. ಪ್ರತಿಯೊಂದಕ್ಕೂ ಅದರದ್ದೇ ಗುಂಡಿ. ಒಂದು ಮಳೆಗಾಲ ಕಳೆಯುವುದರೊಳಗೆ ಉಳಿಗಳ ಮೇಲೆ ಕೆಂಪು ಹುಡಿ ಕೂತಿತ್ತು, ಗರಗಸ ಒಣಗಿದ ಎಲೆಯ ಬಣ್ಣಕ್ಕೆ ತಿರುಗಿತ್ತು. ಪೆಟ್ಟಿಗೆ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತೆ, ಹಾಗಾಗಿ ಒಳಗೆ ಸೇರಿದ ತೇವ ಹೊರಗೆ ಬರಲೇ ಇಲ್ಲ. ಆ ಉಳಿಗಳಲ್ಲಿ ಒಂದನ್ನು ಅವನು ನನಗೆ ಕಳಿಸಿದ. ಸಾಣೆಗೆ ಕೊಟ್ಟು ನೋಡಿದೆ. ಅಂಚು ಬಂತು. ಒಂದು ತೇಗದ ತುಂಡಿಗೆ ನಾಲ್ಕು ಏಟು ಹಾಕುವಷ್ಟರಲ್ಲಿ ಮಡಚಿಕೊಂಡಿತು. ತೇಗದಲ್ಲಿ ಸಿಲಿಕಾ ಇರುತ್ತೆ, ಅಂದರೆ ಸಣ್ಣ ಮರಳಿನಂಥದ್ದು. ಒಳ್ಳೇ ಉಕ್ಕನ್ನೂ ಅದು ಬೇಗ ಮೊಂಡು ಮಾಡುತ್ತೆ. ಮೆತ್ತನೆ ಉಕ್ಕು ಅದರ ಮುಂದೆ ನಿಲ್ಲುವುದಿಲ್ಲ.

ಅವತ್ತೇ ನಾನು ಒಂದು ನಿಯಮ ಮಾಡಿಕೊಂಡೆ. ನಮ್ಮ ಕೈಯಲ್ಲೇ, ನಡು ಸಮುದ್ರದಲ್ಲಿ ಕೂತು, ಮತ್ತೆ ಹರಿತ ಮಾಡಿಕೊಳ್ಳಲು ಆಗುವಂಥ ಹತಾರಕ್ಕೆ ಮಾತ್ರ ಆ ಪೆಟ್ಟಿಗೆಯಲ್ಲಿ ಜಾಗ. ನಮ್ಮೂರಲ್ಲಿ ಉಳಿ ಮುರಿದರೆ ಕೋಲಾರಕ್ಕೆ ಬಸ್ ಇದೆ. ಅಲ್ಲಿ ಇಲ್ಲವಲ್ಲ.

ಮೇ ತಿಂಗಳಲ್ಲಿ ಬಂಗಾರಪೇಟೆಯಲ್ಲಿ ರೈಲು ಹತ್ತಿ ನಾನೇ ಹೋದೆ. ಕೂತಲ್ಲೇ ಪಟ್ಟಿ ಬರೆಯುವುದು ನನಗೆ ಸರಿ ಅನ್ನಿಸಲಿಲ್ಲ. ಕೆಲಸದ ಜಾಗ ನೋಡದೆ ಅಪ್ಪ ಯಾವತ್ತೂ ಚೀಲ ಕಟ್ಟುತ್ತಿರಲಿಲ್ಲ.

ದೋಣಿಯೊಳಗೆ ಇಳಿದ ಮೇಲೆ ನನ್ನ ಅರ್ಧ ಯೋಚನೆ ತಲೆಕೆಳಗಾಯಿತು. ಮೊದಲನೆಯದಾಗಿ, ಅಲ್ಲಿ ಮೂಲೆಮಟ್ಟಕ್ಕೆ ಕೆಲಸವೇ ಇಲ್ಲ. ಮನೆ ಅಂದರೆ ಗೋಡೆ ನೆಟ್ಟಗೆ, ಮೂಲೆ ಮಟ್ಟಸ. ದೋಣಿಯ ಮೈ ಎಲ್ಲ ಕಡೆ ಬಾಗಿರುತ್ತೆ. ಒಂದು ಕಪಾಟಿನ ಹಲಗೆ ಕೂರಿಸಬೇಕಾದರೆ ಮುಂದಿನ ತುದಿಗೆ ಒಂದು ಕೋನ, ಹಿಂದಿನ ತುದಿಗೆ ಇನ್ನೊಂದು. ಅಲ್ಲಿ ಬೇಕಾದದ್ದು ತೋಳು ಬಿಚ್ಚಿ ಯಾವ ಕೋನಕ್ಕಾದರೂ ನಿಲ್ಲಿಸಿ ತಿರುಪು ಬಿಗಿಯುವ ಮಟ್ಟ. ನಾನು ಕೋಲಾರದಿಂದ ಒಯ್ದಿದ್ದ ರಸಮಟ್ಟವಂತೂ ಇಟ್ಟ ಕಡೆ ನಿಲ್ಲಲೇ ಇಲ್ಲ. ದೋಣಿ ಅಲ್ಲಾಡಿದ ಹಾಗೆಲ್ಲ ಗುಳ್ಳೆ ಈ ಕಡೆಯಿಂದ ಆ ಕಡೆಗೆ ಓಡುತ್ತಿತ್ತು. ತೂಗುಗುಂಡಿನ ಕಥೆಯೂ ಅಷ್ಟೇ. ನೆಲವೇ ಸುಮ್ನೆ ಇರದ ಜಾಗದಲ್ಲಿ ಮಟ್ಟ ನೋಡೋದು ಹೇಗೆ? ತಮ್ಮ ಅಳೆಯುವ ಕ್ರಮ ನೋಡಿ ಕಲಿತೆ. ಅವನು ದೋಣಿಯ ಒಳಗಿನ ಒಂದು ಅಡ್ಡಗೋಡೆಯನ್ನು ನೆಚ್ಚಿಕೊಂಡು, ಉಳಿದದ್ದನ್ನೆಲ್ಲ ಅದರಿಂದಲೇ ಅಳೆಯುತ್ತಾನೆ.

ಎರಡನೆಯದು, ಕೆಲಸದ ಮೇಜು. ಅದನ್ನು ಎಲ್ಲಿ ಇಡೋದು ಅಂತ ಅವನು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದ. ಮಡಚುವ ಮೇಜು, ಮರ ಬಿಗಿದು ಹಿಡಿಯಲು ಅದಕ್ಕೆ ಕಚ್ಚಿಸುವ ವೈಸ್, ಎಲ್ಲದರ ಚಿತ್ರ ಬರೆದು ಇಟ್ಟಿದ್ದ. ನಾನು ಚಪ್ಪಲಿ ಬಿಟ್ಟು ನೆಲಕ್ಕೆ ಕೂತೆ. ಸೀರೆ ಎತ್ತಿ ಕಟ್ಟಿಕೊಂಡು, ಹಲಗೆಯನ್ನು ಎರಡೂ ಪಾದದ ನಡುವೆ ಹಿಡಿದು, ಅಪ್ಪ ಕೂರುತ್ತಿದ್ದ ಹಾಗೆಯೇ ಕೂತು ತೋಪಡ ಎಳೆದೆ. ತಮ್ಮ ನೋಡುತ್ತಲೇ ನಿಂತ. ನಮ್ಮ ಆಚಾರಿಗಳು ತಲೆತಲಾಂತರದಿಂದ ಕೂತೇ ಕೆಲಸ ಮಾಡಿದವರು. ಪಾದವೇ ವೈಸ್, ನೆಲವೇ ಮೇಜು. ನಿಂತರೆ ತಲೆ ತಾಗುವ ಕ್ಯಾಬಿನ್ನಿಗೆ ಇದಕ್ಕಿಂತ ಒಳ್ಳೇ ಏರ್ಪಾಡು ನನಗಂತೂ ಕಾಣಲಿಲ್ಲ. ದೋಣಿ ಓಲಾಡುವಾಗ ಕೂತವರು ಬೀಳುವುದೂ ಕಡಿಮೆ. ಆ ಮೇಜಿನ ಚಿತ್ರ ಅವತ್ತೇ ಕಸದ ಬುಟ್ಟಿ ಸೇರಿತು. ಪೆಟ್ಟಿಗೆಯಲ್ಲಿ ವೈಸಿಗೆ ಇಟ್ಟಿದ್ದ ಜಾಗ ಖಾಲಿಯಾಯಿತು.

ಕ್ಲ್ಯಾಂಪ್ ಬಗ್ಗೆಯೂ ಹೀಗೇ ಆಯಿತು. ಅಂಟು ಹಾಕಿದ ಮೇಲೆ ಹಲಗೆ ಬಿಗಿದು ಹಿಡಿಯಬೇಕಲ್ಲ, ಅದಕ್ಕೆ ಎಂಟು ಕ್ಲ್ಯಾಂಪ್ ಬೇಕು ಅಂದ. ಕಬ್ಬಿಣದ ಕ್ಲ್ಯಾಂಪ್ ಎಂಟು ಇಟ್ಟರೆ ಪೆಟ್ಟಿಗೆ ಅಲ್ಲಿಗೇ ಮುಗಿಯಿತು. ದೋಣಿಯಲ್ಲಿ ಯಾವುದಕ್ಕೆ ಕೊರತೆ ಇದ್ದರೂ ಹಗ್ಗಕ್ಕಿಲ್ಲ. ಎರಡು ಸುತ್ತು ಹಗ್ಗ ಹಾಕಿ, ನಡುವೆ ಕೋಲು ತೂರಿಸಿ ತಿರುವುತ್ತಾ ಹೋದರೆ ಯಾವ ಕ್ಲ್ಯಾಂಪಿಗೂ ಕಡಿಮೆ ಇಲ್ಲದ ಹಿಡಿತ ಬರುತ್ತೆ. ಗಾಡಿ ಮೇಲೆ ಹುಲ್ಲು ಹೇರಿದವರಿಗೆಲ್ಲ ಗೊತ್ತಿರುವ ವಿದ್ಯೆ ಇದು. ಹಗ್ಗ ಮುಟ್ಟದ ಕಡೆಗೆ ಎರಡು ಬೆಣೆ ಎದುರುಬದುರು ಹೊಡೆದರೆ ಸಾಕು. ಕೊನೆಗೆ ಎರಡೇ ಎರಡು ಸಣ್ಣ ಸಿ ಕ್ಲ್ಯಾಂಪ್ ಒಪ್ಪಿಕೊಂಡೆ.

ಹಗ್ಗದ ಮಾತು ಬಂದಾಗ ತಮ್ಮ ಕೌಂಡಿನ್ಯ ಹಡಗಿನ ಸುದ್ದಿ ತೆಗೆದ. 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿದ ಹಡಗು ಅದು. ಅಜಂತಾ ಗುಹೆಯ ಚಿತ್ರವೊಂದನ್ನು ನೋಡಿ ಕಟ್ಟಿದ್ದು. ಹಲಗೆಗೆ ಹಲಗೆ ಸೇರಿಸಲು ಮೊಳೆ ಹೊಡೆದಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಕಬ್ಬಿಣ ಇಲ್ಲದ ಕಡೆ ತುಕ್ಕಿಗೇನು ಕೆಲಸ? ಆ ಹಡಗನ್ನು ಒಮ್ಮೆ ಕಣ್ಣಾರೆ ನೋಡಬೇಕು ಅಂತ ನನಗೆ ಅವತ್ತಿನಿಂದ ಆಸೆ.

ತುಕ್ಕಿನ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಜಾಡಿ ನೀರಾಗುವುದನ್ನು ನೋಡಿದ್ದೀರಲ್ಲ? ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತೆ. ಸಮುದ್ರದ ಗಾಳಿಯಲ್ಲಿ ಇರುವ ಉಪ್ಪು ಉಳಿಯ ಮೇಲೆ ಕಣ್ಣಿಗೆ ಕಾಣದ ಹಾಗೆ ಕೂತು, ಬಿಸಿಲಿದ್ದರೂ ಅದನ್ನು ಒದ್ದೆಯಾಗೇ ಇಡುತ್ತೆ. ಬಟ್ಟೆಯೂ ಹಾಗೇ. ಒಮ್ಮೆ ಉಪ್ಪುನೀರು ಕುಡಿದ ಬಟ್ಟೆ ಸಿಹಿನೀರಲ್ಲಿ ತೊಳೆಯುವ ತನಕ ಪೂರ್ತಿ ಒಣಗುವುದೇ ಇಲ್ಲ. 1545ರಲ್ಲಿ ಇಂಗ್ಲೆಂಡಿನ ಮೇರಿ ರೋಸ್ ಅನ್ನುವ ಯುದ್ಧನೌಕೆ ಮುಳುಗಿತು. 1982ರಲ್ಲಿ ಅದನ್ನು ಮೇಲೆತ್ತಿದರು. ಅದರಲ್ಲಿ ಬಡಗಿಗಳ ಕೋಣೆಯೂ ಇತ್ತು, ಅವರ ಹತಾರಗಳೂ ಸಿಕ್ಕವು. ತೋಪಡದ ಮರ ಉಳಿದಿತ್ತು, ಹಿಡಿಗಳು ಉಳಿದಿದ್ದವು. ಕಬ್ಬಿಣ ಬಹುಪಾಲು ಕರಗಿ ಹೋಗಿತ್ತು. ತಮ್ಮ ಇದನ್ನು ಹೇಳಿದಾಗ ನನಗೆ ಆ ಬಡಗಿಗಳ ಕೈ ಕಣ್ಣಮುಂದೆ ಬಂತು. ಹಿಡಿ ಮಾತ್ರ ಉಳಿದ ಉಳಿ. ನಾಲ್ಕು ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಬೆರಳಿನ ಸವೆತ ಅದರ ಮೇಲೆ ಇದ್ದರೂ ಇರಬಹುದು.

ಅದಕ್ಕೇ ಪೆಟ್ಟಿಗೆಯನ್ನು ನಾನೇ ಮಾಡಿದೆ, ಊರಿಗೆ ವಾಪಸ್ ಬಂದ ಮೇಲೆ. ಐಎಸ್ 710 ಅನ್ನುವ ಗುಣಮಟ್ಟದ ಗುರುತಿನ ಮೆರೈನ್ ಪ್ಲೈವುಡ್ ಕೋಲಾರದಲ್ಲೇ ಸಿಕ್ಕಿತು. ಅದರ ಪದರಗಳನ್ನು ಹಿಡಿದಿರುವ ಅಂಟು ಕುದಿಯುವ ನೀರಿಗೂ ಬಿಡುವುದಿಲ್ಲ. ಮುಚ್ಚಳದ ಕೆಳಗೆ ಸಣ್ಣ ಗಾಳಿಕಂಡಿ ಬಿಟ್ಟೆ. ತಳದಲ್ಲಿ ಪಟ್ಟಿ ಹೊಡೆದು ಹತಾರಗಳು ನೇರ ಹಲಗೆಗೆ ತಾಗದ ಹಾಗೆ ಮಾಡಿದೆ. ಹಿತ್ತಾಳೆ ಸ್ಕ್ರೂ ಹಾಕೋಣ ಅಂತಿದ್ದೆ. ತಮ್ಮ ಬೇಡ ಅಂದ. ಉಪ್ಪುನೀರಿಗೆ ಹಿತ್ತಾಳೆಯೊಳಗಿನ ಸತು ಬಿಟ್ಟುಹೋಗಿ, ಕೆಂಪಗೆ ಪುಡಿಯಾಗುವ ತಾಮ್ರ ಉಳಿಯುತ್ತಂತೆ. 316 ನಂಬರಿನ ಸ್ಟೇನ್‌ಲೆಸ್ ಸ್ಕ್ರೂ ತರಿಸಿದೆವು. ಅಂಗಡಿಯಲ್ಲಿ ಸುಮ್ನೆ ಸ್ಟೇನ್‌ಲೆಸ್ ಅಂತ ಕೇಳಿದರೆ 304 ಕೊಡುತ್ತಾರೆ. 316ರಲ್ಲಿ ಮಾಲಿಬ್ಡಿನಮ್ ಸೇರಿರುವುದರಿಂದ ಉಪ್ಪಿಗೆ ಅದು ಜಾಸ್ತಿ ತಡೆಯುತ್ತೆ.

ಅಪ್ಪ ಹತಾರಕ್ಕೆ ಹರಳೆಣ್ಣೆ ಸವರುತ್ತಿದ್ದರು. ಅದು ಒಣಗಿ ಅಂಟಾಗುವುದಿಲ್ಲ, ದಪ್ಪಗೆ ಹಿಡಿದು ನಿಲ್ಲುತ್ತೆ. ಒಂದು ಸಣ್ಣ ಬಾಟಲಿ ಅದನ್ನೇ ಕಟ್ಟಿಕೊಟ್ಟೆ. ತುಕ್ಕು ಹಿಡಿಯದಿರಲಿ ಅಂತ ಒಂದು ಡಬ್ಬಿ ಕರ್ಪೂರವನ್ನೂ ಇಟ್ಟೆ. ಹಳೇ ಮೆಕ್ಯಾನಿಕ್‌ಗಳು ತಮ್ಮ ಪೆಟ್ಟಿಗೆಯಲ್ಲಿ ಕರ್ಪೂರ ಇಡುವುದನ್ನು ನೀವೂ ನೋಡಿರಬಹುದು.

ಇನ್ನು ಹತಾರಗಳು. ಉಳಿ ಮೂರೇ. 6 ಮಿಲಿಮೀಟರ್, 12, 25. ಇವುಗಳ ನಡುವಿನ ಅಳತೆಗಳೆಲ್ಲ ಅನುಕೂಲಕ್ಕೆ ಇರುವಂಥವು. 12ರ ಉಳಿಯಲ್ಲಿ ಎರಡು ಸಲ ಹೊಡೆದರೆ 20ರ ಕೆಲಸ ಆಗುತ್ತೆ. ಮೊದಲೆರಡನ್ನು ಹೊಸದಾಗಿ ತಂದೆ. 25ರದ್ದು ಅಪ್ಪನದು. ಊರಿನ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟೆಯಿಂದ ಬಡಿದು ಮಾಡಿಕೊಟ್ಟದ್ದು. ಸವೆದು ಸವೆದು ಮೊದಲಿನ ಉದ್ದದಲ್ಲಿ ಮುಕ್ಕಾಲು ಉಳಿದಿದೆ. ಅದನ್ನು ಕೊಡೋದೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ. ನನ್ನ ಕೈಗೆ ಅದು ಇಪ್ಪತ್ತು ವರ್ಷದಿಂದ ಹೊಂದಿಕೊಂಡಿತ್ತು. ಆದರೆ ತೇಗದ ಎದುರು ಅಂಚು ಹಿಡಿಯುವ ಉಕ್ಕು ಬೇಕು ಅಂತ ನಾನೇ ಹೇಳಿದ್ದೆನಲ್ಲ. ಅಂಥ ಉಕ್ಕು ನಮ್ಮ ಮನೆಯಲ್ಲಿ ಅದೊಂದರಲ್ಲೇ ಇದ್ದದ್ದು. ಕೊಟ್ಟೆ.

ತೋಪಡ ದೊಡ್ಡದು ಬೇಡವೇ ಬೇಡ ಅಂದೆ. ಒಂದು ಕೈಯಲ್ಲಿ ಹಿಡಿಯುವ ಆರಿಂಚಿನ ಸಣ್ಣದು ಸಾಕು. ದೋಣಿಯಲ್ಲಿ ಉದ್ದ ಹಲಗೆ ಮಟ್ಟ ಮಾಡುವ ಕೆಲಸ ಅಪರೂಪ. ಬಾಗಿಲು ಉಬ್ಬಿ ಸಿಕ್ಕಿಕೊಂಡಿತು, ಮುಚ್ಚಳ ಮುಚ್ಚುತ್ತಿಲ್ಲ, ಹಲಗೆಯ ಅಂಚಿನಲ್ಲಿ ಕೂದಲೆಳೆ ತೆಗೆಯಬೇಕು, ಇಂಥವೇ ದಿನಾ. ಬಾಚಿಯನ್ನೂ ಬಿಟ್ಟೆ. ಮನಸ್ಸಿಗೆ ನೋವಾಯಿತು. ಅಪ್ಪ ಬಾಚಿಯೊಂದರಲ್ಲೇ ನೇಗಿಲು ಕೆತ್ತಿ ನಿಲ್ಲಿಸುತ್ತಿದ್ದರು. ಆದರೆ ಬಾಚಿ ಬೀಸಲು ತೋಳು ಚಾಚುವಷ್ಟು ಜಾಗ ಬೇಕು. ಆ ಕ್ಯಾಬಿನ್ನಿನಲ್ಲಿ ಬೀಸಿದರೆ ಮೊದಲು ಒಡೆಯುವುದು ದೋಣಿಯೇ. ಅದರ ಜಾಗಕ್ಕೆ ಒಂದು ಮಗ್ಗುಲು ಚಪ್ಪಟೆ, ಒಂದು ಮಗ್ಗುಲು ಉಬ್ಬಿರುವ ಒರಟು ಅರ ಇಟ್ಟೆ. ಬಾಗಿದ ಹಲಗೆಗೆ ಅದು ಚೆನ್ನಾಗಿ ಕೂರುತ್ತೆ.

ಗರಗಸದ ಬಗ್ಗೆ ಮಾತ್ರ ನಾನು ಸೋತೆ. ತಮ್ಮ ಜಪಾನಿನ ಮಡಚುವ ಗರಗಸ ಬೇಕು ಅಂದ. ಅದರ ಹಲ್ಲುಗಳ ತುದಿಯನ್ನು ಕಾಯಿಸಿ ಗಡಸು ಮಾಡಿರುತ್ತಾರೆ. ಅರ ಹಾಕಿದರೆ ಜಾರುತ್ತೆ, ಕಚ್ಚುವುದಿಲ್ಲ. ಅಂದರೆ ಮೊಂಡಾದ ಮೇಲೆ ಬಿಸಾಡುವುದೇ. ನನ್ನ ನಿಯಮಕ್ಕೆ ಪೂರ್ತಿ ವಿರುದ್ಧ. ಬೇಡ ಅಂದೆ. "ಒಂದು ಸಲ ಕೊಯ್ದು ನೋಡು ಅಕ್ಕಾ" ಅಂತ ಕೈಗೆ ಕೊಟ್ಟ. ಮಲಗುವ ಹಲಗೆಯ ಕೆಳಗೆ, ಮೊಣಕೈ ಆಡಿಸಲೂ ಆಗದ ಮೂಲೆಯಲ್ಲಿ ಒಂದು ಕೊಳೆತ ಪಟ್ಟಿ ತೆಗೆಯಬೇಕಿತ್ತು. ನನ್ನ ಗರಗಸ ಮುಂದಕ್ಕೆ ತಳ್ಳಿದಾಗ ಕೊಯ್ಯುವಂಥದ್ದು. ಅಲ್ಲಿ ತಳ್ಳಲು ಬಲ ಸಿಗಲಿಲ್ಲ, ಅಲಗು ಬಾಗಿತು. ಅವನದು ಎಳೆದಾಗ ಕೊಯ್ಯುತ್ತೆ. ಎಳೆಯುವಾಗ ಅಲಗು ತಾನಾಗೇ ನೆಟ್ಟಗಾಗುತ್ತೆ. ಅದಕ್ಕೇ ಅದನ್ನು ಅಷ್ಟು ತೆಳ್ಳಗೆ ಮಾಡಲು ಆಗಿರುವುದು. ಐದು ನಿಮಿಷಕ್ಕೆ ಪಟ್ಟಿ ಕೈಗೆ ಬಂತು. ಹಿಡಿಯ ಜೊತೆ ಎರಡು ಬದಲಿ ಅಲಗು ಇಟ್ಟರೂ ಒಂದು ನೋಟ್‌ಬುಕ್ಕಿನಷ್ಟು ದಪ್ಪ ಆಗಲಿಲ್ಲ. ನಿಯಮ ಅಲ್ಲಿ ಸಡಿಲಿಸಿದೆ. ಇದರ ಜೊತೆ ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಒಂದು. ಹಾಯಿಕಂಬ ಮುರಿದು ಬಿದ್ದರೆ ಅದನ್ನು ಹಿಡಿದಿರುವ ತಂತಿ ಕೊಯ್ದು ಬಿಡಬೇಕಂತೆ. ಇಲ್ಲದಿದ್ದರೆ ಮುರಿದ ಕಂಬವೇ ದೋಣಿಯ ಮೈಗೆ ಗುದ್ದಿ ತೂತು ಮಾಡುತ್ತೆ.

ಬೈರಿಗೆಗೆ ಬ್ಯಾಟರಿಯದ್ದೋ ಕೈಯದ್ದೋ ಅನ್ನುವ ಪ್ರಶ್ನೆ ಬಂತು. ಅವನ ಹತ್ತಿರ ಬ್ಯಾಟರಿ ಡ್ರಿಲ್ ಇತ್ತು, ಸೋಲಾರ್‌ನಿಂದ ಚಾರ್ಜ್ ಆಗುತ್ತೆ. ದಿನದ ಕೆಲಸಕ್ಕೆ ಅದೇ ಇರಲಿ. ಆದರೆ ಪೆಟ್ಟಿಗೆಯೊಳಗೆ ಹೋದದ್ದು ಕೈಯಲ್ಲಿ ತಿರುಗಿಸುವ ಹಲ್ಲುಚಕ್ರದ ಡ್ರಿಲ್. ನೀರು ನುಗ್ಗಿದ ದಿನ ಮೊದಲು ಕೈಕೊಡುವುದೇ ಬ್ಯಾಟರಿ.

ಸಾಣೆಕಲ್ಲಿನ ವಿಷಯದಲ್ಲಿ ನಮ್ಮ ಊರಿನ ಬುದ್ಧಿ ಕೆಲಸಕ್ಕೆ ಬಂತು. ಒಳ್ಳೇ ಅಂಚು ಬೇಕು ಅನ್ನುವವರು ನೀರಿನಲ್ಲಿ ನೆನೆಸುವ ಕಲ್ಲು ಇಟ್ಟುಕೊಳ್ಳುತ್ತಾರೆ. ನನ್ನ ಹತ್ತಿರವೂ ಇದೆ, ತುಂಬಾ ಇಷ್ಟ. ಆದರೆ ಅದು ನೀರು ಕುಡಿಯುತ್ತೆ. ದೋಣಿಯಲ್ಲಿ ಕುಡಿಯುವ ನೀರಿಗೆ ಲೆಕ್ಕ ಇರುತ್ತೆ. ಸಾವಿರ ಅಡಿ ಕೊರೆದರೂ ಒಣ ಧೂಳು ಏಳುವ ಬೋರ್‌ವೆಲ್ ನೋಡಿ ಬೆಳೆದವರಿಗೆ ಆ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ತೆಳ್ಳಗಿನ ಡೈಮಂಡ್ ಪ್ಲೇಟ್ ತೆಗೆದುಕೊಂಡೆವು, ಒಂದು ಕಡೆ ಒರಟು, ಒಂದು ಕಡೆ ನಯ. ನಾಲ್ಕು ಹನಿ ನೀರು ಸಾಕು. ಕಲ್ಲಿನ ಹಾಗೆ ನಡುವೆ ಸವೆದು ತಗ್ಗಾಗುವುದಿಲ್ಲ, ಬಿದ್ದರೆ ಒಡೆಯುವುದೂ ಇಲ್ಲ.

ಕೊಡತಿ ಹುಣಸೆ ಮರದ್ದು, ನಾನೇ ಮಾಡಿದ್ದು. ಸುತ್ತಿಗೆ ಅವನ ಎಂಜಿನ್ ಸಾಮಾನಿನಲ್ಲಿ ಇದ್ದೇ ಇತ್ತು.

ಈಗ ಹೇಳಬೇಕಾದದ್ದು ಗೂಟಗಳ ವಿಷಯ. ಇಷ್ಟೆಲ್ಲ ಬರೆಯಲು ಕೂತದ್ದೇ ಅದಕ್ಕಾಗಿ.

ದೋಣಿಯ ತಳದಲ್ಲಿ ತೂತುಗಳಿರುತ್ತವೆ ಅಂತ ನನಗೆ ಅಲ್ಲಿಗೆ ಹೋಗುವ ತನಕ ಗೊತ್ತಿರಲಿಲ್ಲ. ಬೇಕು ಅಂತಲೇ ಕೊರೆದ ತೂತುಗಳು. ಎಂಜಿನ್ ತಣ್ಣಗಿಡಲು ಸಮುದ್ರದ ನೀರು ಒಳಗೆ ಬರಬೇಕು. ಪಾತ್ರೆ ತೊಳೆದ ನೀರು ಹೊರಗೆ ಹೋಗಬೇಕು. ಪ್ರತಿ ತೂತಿಗೂ ಒಂದು ವಾಲ್ವ್, ವಾಲ್ವಿಗೆ ಒಂದು ಪೈಪ್. ಪೈಪ್ ಕಿತ್ತು ಹೋಗಿ, ವಾಲ್ವ್ ತಿರುಗದೆ ನಿಂತರೆ? ನೀರಿನ ಮಟ್ಟಕ್ಕಿಂತ ಎರಡಡಿ ಕೆಳಗೆ 38 ಮಿಲಿಮೀಟರ್ ತೂತು ಇದ್ದರೆ ನಿಮಿಷಕ್ಕೆ 100 ಲೀಟರಿಗಿಂತ ಜಾಸ್ತಿ ನೀರು ನುಗ್ಗುತ್ತೆ. ಏಳೆಂಟು ಬಿಂದಿಗೆ, ಪ್ರತಿ ನಿಮಿಷಕ್ಕೂ. ಅದಕ್ಕೇ ಪ್ರತಿ ವಾಲ್ವಿನ ಪಕ್ಕದಲ್ಲೂ ಒಂದು ಮರದ ಗೂಟ ದಾರದಲ್ಲಿ ಕಟ್ಟಿ ಇಟ್ಟಿರಬೇಕು. ತುದಿ ಸಣ್ಣ, ಬುಡ ದಪ್ಪ. ತೂತಿಗೆ ತುರುಕಿ ಕೊಡತಿಯಲ್ಲಿ ಎರಡು ಏಟು. ಮರ ನೀರು ಕುಡಿದು ಉಬ್ಬಿ ಕಚ್ಚಿಕೊಳ್ಳುತ್ತೆ.

ತಮ್ಮ ಇದನ್ನು ವಿವರಿಸುತ್ತಿದ್ದರೆ ನನಗೆ ಮೈ ಜುಮ್ ಅಂದಿತು. "ಇದು ತೂಬಲ್ವೇನೋ!" ಅಂದೆ.

ನಮ್ಮ ಕಡೆಯ ಹಳೇ ಕೆರೆಗಳ ತೂಬು ನೋಡಿದವರಿಗೆ ಗೊತ್ತು. ಏರಿಯ ಒಳಮಗ್ಗುಲಲ್ಲಿ ಎರಡು ಕಲ್ಲುಕಂಬ. ಕೆಳಗೆ ನೀರಿನೊಳಗೆ ಕಲ್ಲಿನಲ್ಲಿ ಕೊರೆದ ದುಂಡು ಬಾಯಿ. ಅದಕ್ಕೆ ಮರದ ಗೂಟ, ಗೂಟಕ್ಕೆ ಉದ್ದನೆಯ ಕೋಲು. ನೀರುಗಂಟಿ ಕೋಲು ಎತ್ತಿದರೆ ಗದ್ದೆಗೆ ನೀರು, ಇಳಿಸಿದರೆ ನಿಂತಿತು. ನಮ್ಮೂರ ದೊಡ್ಡಕೆರೆಯ ತೂಬಿಗೆ ಗೂಟ ಮಾಡುತ್ತಿದ್ದವರು ಅಪ್ಪ. ಕೆರೆ ಬತ್ತಿದ ಬೇಸಿಗೆಯಲ್ಲಿ ಕೆಸರಿಗೆ ಇಳಿದು ಅಳತೆ ತೆಗೆಯುತ್ತಿದ್ದರು. ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಕೆಂಪು ಮಣ್ಣು ಕಲಸಿ ಗೂಟಕ್ಕೆ ತೆಳ್ಳಗೆ ಬಳಿದು, ಕಲ್ಲಿನ ಬಾಯಿಗೆ ಇಟ್ಟು ಒಂದು ಸುತ್ತು ತಿರುಗಿಸುವುದು. ಎಲ್ಲಿ ಮಣ್ಣು ಅಳಿಸಿದೆಯೋ ಅಲ್ಲಿ ತಾಗುತ್ತಿದೆ. ಅಷ್ಟನ್ನೇ ಉಳಿಯಲ್ಲಿ ಸವರುವುದು. ಮತ್ತೆ ಮಣ್ಣು, ಮತ್ತೆ ತಿರುಗಿಸುವುದು. ಗೂಟದ ಸುತ್ತಲೂ ಒಂದೇ ಸಮನಾಗಿ ಮಣ್ಣು ಅಳಿಸುವ ತನಕ. "ಒಂದು ಕಡೆ ಕೂದಲಷ್ಟು ಸಂದು ಬಿಟ್ರೆ ಊರಿನ ಅರ್ಧ ಕೆರೆ ರಾತ್ರೋರಾತ್ರಿ ಹೋಗುತ್ತೆ ಕಣಮ್ಮ" ಅನ್ನುತ್ತಿದ್ದರು.

ಆ ಗೂಟ ಕೆತ್ತುತ್ತಿದ್ದದ್ದು ಇದೇ 25ರ ಉಳಿಯಿಂದ.

ಊರಿಗೆ ಬಂದು ದೋಣಿಗೆ ಏಳು ಗೂಟ ಮಾಡಿದೆ. ಅಪ್ಪ ತೂಬಿಗೆ ಗಟ್ಟಿ ಮರವೇ ಹುಡುಕುತ್ತಿದ್ದರು, ಅದು ವರ್ಷಗಟ್ಟಲೆ ನೀರಲ್ಲಿ ನಿಲ್ಲಬೇಕು, ಕಲ್ಲಿಗೆ ಉಜ್ಜಿಕೊಳ್ಳಬೇಕು. ದೋಣಿಗೆ ಹಾಗಲ್ಲ. ಮೆತ್ತಗಿನ ಮರ ಬೇಕು. ಒಡೆದ ತೂತು ದುಂಡಗೇ ಇರುತ್ತೆ ಅಂತ ಹೇಳೋಕಾಗಲ್ಲ. ಮೆತ್ತಗಿನ ಮರ ಅಡ್ಡಾದಿಡ್ಡಿ ಅಂಚಿಗೂ ಒತ್ತಿಕೊಂಡು ಕೂರುತ್ತೆ. ಕೆಲವು ಗಂಟೆ ತಡೆದರೆ ಸಾಕು, ದಡ ಸೇರಬಹುದು. ನರಸಾಪುರದ ಕಾರ್ಖಾನೆಗಳ ಕಡೆಯಿಂದ ಬರುವ ಪ್ಯಾಕಿಂಗ್ ಪೆಟ್ಟಿಗೆಗಳ ಪೈನ್ ಮರ ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಬಣ್ಣ, ವಾರ್ನಿಷ್ ಏನೂ ಹಚ್ಚಲಿಲ್ಲ. ಹಚ್ಚಿದರೆ ಮರ ನೀರು ಕುಡಿಯುವುದಿಲ್ಲ. ಕುಡಿಯದಿದ್ದರೆ ಉಬ್ಬುವುದಿಲ್ಲ. ಪ್ರತಿಯೊಂದರ ಬುಡದಲ್ಲಿ ತೂತು ಕೊರೆದು ದಾರ ಹಾಕಿ, ಯಾವ ವಾಲ್ವಿಗೆ ಯಾವುದು ಅಂತ ಉಳಿಯ ತುದಿಯಲ್ಲೇ ಗೆರೆ ಹಾಕಿದೆ. ಕತ್ತಲಲ್ಲಿ, ನೀರೊಳಗೆ, ಬೆರಳಿಂದ ಮುಟ್ಟಿ ಗುರುತು ಸಿಗಬೇಕಲ್ಲ.

ಹತಾರ ಆಯುವುದು ಹೇಗೆ ಅನ್ನುವುದಕ್ಕೆ ಅಲ್ಲಿಂದ ಮುಂದೆ ನನಗೆ ದಾರಿ ಕಂಡಿತು. ಮೊದಲು ನೀರು ತಡೆಯುವ ಕೆಲಸಕ್ಕೆ ಬೇಕಾದದ್ದು. ಆಮೇಲೆ ದಡ ಸೇರಿಸುವ ಕೆಲಸಕ್ಕೆ. ಚೆಂದದ ಕೆಲಸಕ್ಕೆ ಕೊನೆಗೆ, ಜಾಗ ಮಿಕ್ಕರೆ. ಈ ವರಸೆಯಲ್ಲಿ ನೋಡಿದಾಗ ಮಡಚುವ ಮಟ್ಟಕ್ಕಿಂತ ಕೊಡತಿ ಮುಂದೆ ಬಂತು, ತೋಪಡಕ್ಕಿಂತ ಹ್ಯಾಕ್ಸಾ ಮುಂದೆ ಬಂತು. ಗೂಟ ಎಲ್ಲಕ್ಕಿಂತ ಮೊದಲು. ಗೂಟಗಳು ಪೆಟ್ಟಿಗೆಯೊಳಗೆ ಹೋಗಲೇ ಇಲ್ಲ. ವಾಲ್ವಿನ ಪಕ್ಕದಲ್ಲೇ ಅವುಗಳ ವಾಸ.

ಒಂಟಿಯಾಗಿ ದೋಣಿಯಲ್ಲಿ ಭೂಮಿ ಸುತ್ತಿದ ಮೊದಲಿಗ ಜೋಶುವಾ ಸ್ಲೋಕಮ್ ಬಗ್ಗೆ ತಮ್ಮ ಯಾವಾಗಲೂ ಹೇಳುತ್ತಾನೆ. 1895ರಿಂದ 1898ರವರೆಗೆ ಸುತ್ತಿದರಂತೆ. ಆ ದೋಣಿ ಮೊದಲು ಹೊಲದಲ್ಲಿ ಬಿದ್ದಿದ್ದ ಹಳೇ ಒಡಲು. ಅವರೇ ಹದಿಮೂರು ತಿಂಗಳು ಕೂತು, ಹತ್ತಿರದ ಓಕ್ ಮರ ಕಡಿದು, ಒಂದೊಂದೇ ಹಲಗೆ ಬದಲಿಸಿ ಹೊಸದು ಮಾಡಿಕೊಂಡರು. ತಾನೇ ಕಟ್ಟಿದವನಿಗೆ ಎಲ್ಲಿ ಕೈಯಿಡಬೇಕು ಅಂತ ಕಣ್ಣುಮುಚ್ಚಿದರೂ ಗೊತ್ತಿರುತ್ತೆ. ತಮ್ಮನಿಗೂ ನಾನು ಅದನ್ನೇ ಹೇಳಿದೆ. ಪೆಟ್ಟಿಗೆ ಇಟ್ಟುಕೊಂಡರೆ ಸಾಲದು, ವಾರಕ್ಕೊಂದು ದಿನ ಏನಾದರೂ ಕೆತ್ತು. ಸುಮ್ನೆ ಒಂದು ಚಮಚನಾದರೂ ಮಾಡು. ಕೈ ಮರೆತರೆ ಹತಾರ ಇದ್ದೂ ಇಲ್ಲದ ಹಾಗೆ.

ಪೆಟ್ಟಿಗೆ ಕಳಿಸಿದ ಮೇಲೆ ಒಂದು ವಿಷಯ ಅವನಿಂದಲೇ ಗೊತ್ತಾಯಿತು. ಅದನ್ನು ದಿಕ್ಸೂಚಿಯಿಂದ ದೂರ ಇಡಬೇಕಂತೆ. ಅಷ್ಟು ಕಬ್ಬಿಣ ಹತ್ತಿರ ಇದ್ದರೆ ಮುಳ್ಳು ತಪ್ಪು ದಾರಿ ತೋರಿಸುತ್ತೆ. ಮಲಗುವ ಹಲಗೆಯ ಕೆಳಗೆ, ದೋಣಿಯ ನಡುಮಧ್ಯಕ್ಕೆ, ಆದಷ್ಟು ತಗ್ಗಿನಲ್ಲಿ ಇಟ್ಟು ಪಟ್ಟಿ ಬಿಗಿದಿದ್ದಾನೆ. ದೋಣಿ ಮಗ್ಗುಲಾದರೂ ಉಳಿ ಹಾರಿ ಬರಬಾರದಲ್ವಾ.

ಮಳೆಗಾಲದ ಜೋರು ಕಳೆಯಿತು. ಆಗಸ್ಟ್‌ನಲ್ಲಿ ಒಂದು ಫೋಟೋ ಬಂತು. ಮೂರು ಉಳಿಗಳೂ ಬೆಳ್ಳಗೆ ಹೊಳೆಯುತ್ತಿದ್ದವು. ಡ್ರಿಲ್‌ನ ಬಾಯಲ್ಲಿ ಮಾತ್ರ ಸ್ವಲ್ಪ ತುಕ್ಕು. ಅದರೊಳಗಿನ ಸ್ಪ್ರಿಂಗಿಗೆ ಎಣ್ಣೆ ಬಿಡಲು ಹೇಳುವುದನ್ನು ನಾನು ಮರೆತಿದ್ದೆ.

ಆಯುಧಪೂಜೆಯ ದಿನ ಇಲ್ಲಿ ನಾನು ನನ್ನ ಹತಾರಗಳನ್ನು ತೊಳೆದು ಚಾಪೆಯ ಮೇಲೆ ಜೋಡಿಸುತ್ತಿದ್ದೆ. ವೀಡಿಯೊ ಕರೆ ಬಂತು. ಅವನೂ ಕ್ಯಾಬಿನ್ನಿನ ನೆಲದ ಮೇಲೆ ಟವೆಲ್ ಹಾಸಿ ಎಲ್ಲವನ್ನೂ ಸಾಲಾಗಿ ಇಟ್ಟಿದ್ದ. ನೆಲಕ್ಕೆ ಕಾಲು ಮಡಚಿ ಕೂತಿದ್ದ. ಏಳು ಗೂಟಗಳನ್ನೂ ದಾರ ಬಿಚ್ಚಿ ತಂದು ಪಕ್ಕದಲ್ಲಿ ಇಟ್ಟುಕೊಂಡಿದ್ದ.

"ಅಕ್ಕಾ, ಇವಕ್ಕೂ ಕುಂಕುಮ ಇಡ್ಲಾ?"

"ಇಡು. ಇಟ್ಟು ಆದ್ಮೇಲೆ ಮೊದಲು ಅವನ್ನ ವಾಪಸ್ ಕಟ್ಟಿ ಬಾ. ಮಿಕ್ಕಿದ ಪೂಜೆ ಆಮೇಲೆ ಮಾಡೋಣ" ಅಂದೆ.

ಫೋನನ್ನು ಹಲಗೆಗೆ ಒರಗಿಸಿಟ್ಟು ಎದ್ದು ಹೋದ. ಪರದೆಯಲ್ಲಿ ಟವೆಲ್ ಮೇಲಿನ ಅಪ್ಪನ ಉಳಿ ಕಾಣುತ್ತಿತ್ತು. ದೋಣಿ ಅಲ್ಲಾಡಿದ ಹಾಗೆ ಅದರ ಅಲಗಿನ ಮೇಲೆ ಬೆಳಕು ಹೋಗಿ ಬರುತ್ತಿತ್ತು. ಅವನು ಏಳೂ ಗೂಟ ಕಟ್ಟಿ ಬರುವ ತನಕ ನಾನು ಕರ್ಪೂರ ಹಚ್ಚದೆ ಕಾದೆ.